ಎಫ್‌ಐಆರ್‌ನಲ್ಲಿ ಹೆಸರು ಬಂದಿದೆ, ಆಟ ಉಳಿಸಿಕೊಳ್ಳೋದು ಹೇಗೆ?

ಹೋದ ವರ್ಷ ಯುಗಾದಿ ಮುಗಿದು ಎಂಟು ದಿನ ಆಗಿತ್ತು. ಬೆಳಗ್ಗೆ ಐದೂವರೆ. ಕಲಬುರಗಿಯ ಚಂದ್ರಶೇಖರ ಪಾಟೀಲ ಕ್ರೀಡಾಂಗಣದ ಗೇಟಿನ ಹತ್ತಿರ ನಮ್ಮ ಹುಡುಗ ಶೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ. ಹಾಕಿಕೊಂಡಿರಲಿಲ್ಲ. "ಸರ್, ನಿನ್ನಿ ಜಾತ್ರ್ಯಾಗ ಜಗಳ ಆಗ್ಯಾದ್ರಿ. ಕೇಸಿನ್ಯಾಗ ನನ್ನ ಹೆಸರೂ ಬರ್ದಾರಂತ್ರಿ. ನಾ ಬಿಡಸ್ಲಾಕ ಹೋಗಿದ್ದೆರಿ" ಅಂದ.

ಚಿತ್ತಾಪುರ ತಾಲ್ಲೂಕಿನ ಹುಡುಗ. ಹೊರ ರಾಜ್ಯದ ಒಂದು ಕ್ಲಬ್ಬಿಗೆ ಸಂಬಳಕ್ಕೆ ಕಬಡ್ಡಿ ಆಡುತ್ತಿದ್ದ ರೇಡರ್. ರೈಲ್ವೆ ಟ್ರಯಲ್ಸ್‌ಗೆ ಎರಡು ತಿಂಗಳು ಬಾಕಿ ಇತ್ತು. ಕೇಸಿನಲ್ಲಿ ಹನ್ನೊಂದು ಹೆಸರು, ಇವನದು ಏಳನೆಯದು. ಹತ್ತನೇ ದಿನಕ್ಕೆ ಕ್ಲಬ್ಬಿನವರು ಫೋನ್ ಮಾಡಿ "ಸದ್ಯ ಬರಬೇಡ" ಅಂದರು. ಹದಿನೈದನೇ ದಿನಕ್ಕೆ ಅವನು ಮೆಡಲ್ ಹಾಕಿಕೊಂಡ ಫೋಟೊ ಒಂದು ನ್ಯೂಸ್ ಪೋರ್ಟಲ್‌ನಲ್ಲಿ ಬಂತು. ಮಿಕ್ಕ ಹತ್ತು ಜನರ ಫೋಟೊ ಇರಲಿಲ್ಲ. ಅವರ್ಯಾರೂ ಆಟಗಾರರಲ್ಲ, ಅದಕ್ಕೆ.

ನಾನು ವಕೀಲ ಅಲ್ಲ, ಕಬಡ್ಡಿ ಕಲಿಸುವವನು. ಆದರೆ ಅವನ ಜೊತೆ ಒಂದು ವರ್ಷಕ್ಕೂ ಜಾಸ್ತಿ ಠಾಣೆ, ಕೋರ್ಟು, ಝೆರಾಕ್ಸ್ ಅಂಗಡಿ ಅಂತ ಅಲೆದಿದ್ದೇನೆ. ಅಲೆಯುವಾಗ ಏನೇನು ತಪ್ಪು ಮಾಡಿದೆವು, ಏನು ಮೊದಲೇ ಗೊತ್ತಿದ್ದರೆ ಚೆನ್ನಾಗಿತ್ತು ಅನ್ನೋದನ್ನ ಇಲ್ಲಿ ಬರೆಯುತ್ತಿದ್ದೇನೆ. ಕಲಬುರಗಿ, ಬೀದರ್, ಯಾದಗಿರಿ ಕಡೆಯ ಆಟಗಾರರು, ಅವರ ಅಪ್ಪ ಅಮ್ಮ, ಕೋಚ್‌ಗಳು ಓದಲಿ ಅಂತ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸಾಬೀತಾಗದ ಆರೋಪ ಅಂದರೆ ಸುಳ್ಳು ಆರೋಪ ಅಂತ ಅರ್ಥ ಅಲ್ಲ. ದೂರು ಕೊಟ್ಟವರಿಗೆ ನಿಜವಾಗಲೂ ಅನ್ಯಾಯ ಆಗಿರಬಹುದು. ಅದನ್ನು ತೀರ್ಮಾನ ಮಾಡೋದು ಕೋರ್ಟು, ನಾನೂ ಅಲ್ಲ, ನಿಮ್ಮ ಓಣಿಯವರೂ ಅಲ್ಲ. ದೂರುದಾರರನ್ನು ಬಾಯಿ ಮುಚ್ಚಿಸೋದು ಹೇಗೆ ಅಂತ ಹುಡುಕುತ್ತಿದ್ದರೆ ಇಲ್ಲಿ ಏನೂ ಸಿಗಲ್ಲ.

ಇದು ಎರಡು ಅಂಕಣದ ಆಟ

ಎಲ್ಲರೂ ಮಾಡುವ ತಪ್ಪು ಇದೇ. ಕೇಸು ಗೆದ್ದರೆ ಆಟ ತಾನಾಗೇ ವಾಪಸ್ ಬರುತ್ತೆ ಅಂದುಕೊಳ್ಳುತ್ತಾರೆ. ಬರಲ್ಲ. ಕೋರ್ಟು ಒಂದು ಅಂಕಣ. ನಿಮ್ಮ ಕ್ಲಬ್ಬು, ಕ್ರೀಡಾ ಸಂಸ್ಥೆ, ಕೆಲಸ ಕೊಟ್ಟ ಇಲಾಖೆ ಇನ್ನೊಂದು ಅಂಕಣ. ಅಲ್ಲಿ ರೆಫರಿ ಬೇರೆ, ನಿಯಮ ಬೇರೆ, ಗಡಿಯಾರವೂ ಬೇರೆ.

ಕ್ರಿಕೆಟಿಗ ಶ್ರೀಶಾಂತ್ ಕಥೆ ನೋಡಿ. 2013ರ ಮೇ ತಿಂಗಳಲ್ಲಿ ಐಪಿಎಲ್ ಸ್ಪಾಟ್ ಫಿಕ್ಸಿಂಗ್ ಆರೋಪದಲ್ಲಿ ದೆಹಲಿ ಪೊಲೀಸರು ಬಂಧಿಸಿದರು. ಆಗ ವಯಸ್ಸು 30. ಅದೇ ಸೆಪ್ಟೆಂಬರ್‌ನಲ್ಲಿ ಬಿಸಿಸಿಐ ಆಜೀವ ನಿಷೇಧ ಹಾಕಿತು. 2015ರ ಜುಲೈನಲ್ಲಿ ದೆಹಲಿಯ ವಿಚಾರಣಾ ನ್ಯಾಯಾಲಯ ಆರೋಪದಿಂದ ಬಿಡುಗಡೆ ಮಾಡಿತು. ಅಲ್ಲಿಗೆ ಮುಗೀತು ಅಂದುಕೊಂಡಿರಾ? ಬಿಸಿಸಿಐ ನಿಷೇಧ ತೆಗೆಯಲೇ ಇಲ್ಲ. ಕೇರಳ ಹೈಕೋರ್ಟಿನ ಏಕಸದಸ್ಯ ಪೀಠ 2017ರಲ್ಲಿ ತೆಗೆಯಿತು, ಎರಡೇ ತಿಂಗಳಲ್ಲಿ ಅದೇ ಹೈಕೋರ್ಟಿನ ವಿಭಾಗೀಯ ಪೀಠ ಮತ್ತೆ ಹಾಕಿತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು ಆಜೀವ ಶಿಕ್ಷೆ ರದ್ದು ಮಾಡಿ, ಎಷ್ಟು ಶಿಕ್ಷೆ ಅಂತ ಮತ್ತೆ ಯೋಚಿಸಿ ಅಂತ ಬಿಸಿಸಿಐಗೆ ಹೇಳಿತು. ಕೊನೆಗೆ ಏಳು ವರ್ಷಕ್ಕೆ ಇಳಿಯಿತು. 2020ರ ಸೆಪ್ಟೆಂಬರ್‌ನಲ್ಲಿ ಅದು ಮುಗಿದಾಗ ವಯಸ್ಸು 37. ವೇಗದ ಬೌಲರ್‌ಗೆ 37 ಅಂದರೆ ಏನು ಅಂತ ನಾನು ಹೇಳಬೇಕಾ?

ಕಾರಣ ಸರಳ. ಕ್ರಿಮಿನಲ್ ಕೋರ್ಟಿನಲ್ಲಿ ಅನುಮಾನಕ್ಕೆ ಎಡೆಯಿಲ್ಲದ ಹಾಗೆ ಸಾಬೀತು ಮಾಡಬೇಕು. ಸಂಸ್ಥೆಯ ಶಿಸ್ತು ವಿಚಾರಣೆಯಲ್ಲಿ ಅಷ್ಟು ಬೇಡ, ಹೀಗೆ ಆಗಿರೋ ಸಾಧ್ಯತೆಯೇ ಜಾಸ್ತಿ ಅಂತ ಅನ್ನಿಸಿದರೆ ಸಾಕು. ನಮ್ಮ ರಾಜ್ಯದ ಉದಾಹರಣೆಯೇ ಇದೆ. 2019ರ ಕೆಪಿಎಲ್ (ಕರ್ನಾಟಕ ಪ್ರೀಮಿಯರ್ ಲೀಗ್ ಕ್ರಿಕೆಟ್) ಫಿಕ್ಸಿಂಗ್ ಕೇಸಿನಲ್ಲಿ ಬಳ್ಳಾರಿ ತಂಡದ ಇಬ್ಬರು ಆಟಗಾರರನ್ನು ಬೆಂಗಳೂರಿನ ಸಿಸಿಬಿ ಪೊಲೀಸರು ಬಂಧಿಸಿದ್ದರು. 2022ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟು ಅವರ ಮೇಲಿನ ವಂಚನೆ ಕೇಸು ರದ್ದು ಮಾಡಿತು. ಫಿಕ್ಸಿಂಗ್ ಐಪಿಸಿಯ ವಂಚನೆ ಕಲಮಿಗೆ ಬರಲ್ಲ, ಅಶಿಸ್ತು ಅಂತ ಕ್ರಮ ತೆಗೆದುಕೊಳ್ಳೋದು ಬಿಸಿಸಿಐಗೆ ಬಿಟ್ಟದ್ದು ಅಂತ ಹೇಳಿತು. ಅಂದರೆ ಒಂದು ಅಂಕಣದಲ್ಲಿ ಸೀಟಿ ಊದಿದರು, ಇನ್ನೊಂದರಲ್ಲಿ ಆಟ ಬಾಕಿ.

ಆದ್ದರಿಂದ ಮೊದಲ ದಿನದಿಂದಲೇ ಎರಡು ಫೈಲು ಮಾಡಿ. ಹುಡುಗಾಟಕ್ಕೆ ಹೇಳುತ್ತಿಲ್ಲ. ಸೂಪರ್ ಮಾರ್ಕೆಟ್‌ನಲ್ಲಿ ಎರಡು ಪ್ಲಾಸ್ಟಿಕ್ ಫೈಲು ತಂದೆವು, ಕೆಂಪು ಕೋರ್ಟಿಗೆ, ನೀಲಿ ಆಟಕ್ಕೆ. ಕೊನೆಯಲ್ಲಿ ನಮ್ಮನ್ನು ಕಾಪಾಡಿದ್ದು ನೀಲಿ ಫೈಲು.

ಮೊದಲ ಮೂರು ದಿನ

ಎಫ್‌ಐಆರ್ ಪ್ರತಿ ತೆಗೆದುಕೊಳ್ಳಿ. "ಹೆಸರು ಇದೆಯಂತೆ" ಅನ್ನೋ ಮಾತಿನ ಮೇಲೆ ಯಾವ ಹೆಜ್ಜೆಯನ್ನೂ ಇಡಬೇಡಿ. 2016ರಲ್ಲಿ ಸುಪ್ರೀಂ ಕೋರ್ಟು ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಪೊಲೀಸ್ ವೆಬ್‌ಸೈಟಿಗೆ ಹಾಕಬೇಕು ಅಂತ ಹೇಳಿದೆ. ನೆಟ್‌ವರ್ಕ್ ಸರಿ ಇಲ್ಲದ ಕಡೆ 72 ಗಂಟೆ ತನಕ ಅವಕಾಶ ಇದೆ. ಲೈಂಗಿಕ ಅಪರಾಧ, ಪೋಕ್ಸೋ ಥರದ ಸೂಕ್ಷ್ಮ ಕೇಸುಗಳನ್ನು ಹಾಕಲ್ಲ. ಅಂಥ ಕಡೆ ಆರೋಪಿ ತನ್ನ ಪ್ರತಿಗೆ ಅರ್ಜಿ ಕೊಟ್ಟು ಕೇಳಬಹುದು. ಪ್ರತಿ ಸಿಕ್ಕ ಮೇಲೆ ಮೂರು ವಿಷಯ ನೋಡಿ: ಕ್ರೈಂ ನಂಬರ್, ಕಲಮುಗಳು, ದೂರಿನಲ್ಲಿ ನಿಮ್ಮ ಬಗ್ಗೆ ಬರೆದಿರುವ ನಿಜವಾದ ವಾಕ್ಯ.

ನಮ್ಮ ಹುಡುಗನ ಬಗ್ಗೆ ಇದ್ದದ್ದು ಒಂದೇ ಸಾಲು. "ಇವನೂ ಸಹ ಗುಂಪಿನಲ್ಲಿ ಇದ್ದನು." ಕಟ್ಟಿಗೆ ಹಿಡಿದ ಅಂತಿಲ್ಲ, ಹೊಡೆದ ಅಂತಿಲ್ಲ. ಆದರೆ ಐಪಿಸಿ ಜಾಗಕ್ಕೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 190ನೇ ಕಲಮು ಹಾಕಿದ್ದರು. ಅಕ್ರಮ ಕೂಟದ ಗುಂಪಿನಲ್ಲಿದ್ದವರು ಒಂದೇ ಉದ್ದೇಶಕ್ಕೆ ಸೇರಿದ್ದರೆ ಒಬ್ಬ ಮಾಡಿದ್ದಕ್ಕೆ ಎಲ್ಲರೂ ಹೊಣೆ ಅನ್ನುವ ಕಲಮು ಅದು. ಊರ ಜಗಳದ ಕೇಸುಗಳಲ್ಲಿ ಬಿಡಿಸಲು ಹೋದವನ ಹೆಸರೂ ಸೇರೋದು ಹೀಗೆ. ಆ ಒಂದು ಸಾಲು ಮುಂದೆ ನಮಗೆ ಎಷ್ಟು ಕೆಲಸಕ್ಕೆ ಬಂತು ಅಂದರೆ, ಕ್ಲಬ್ಬಿಗೆ ಬರೆದ ಪತ್ರದಲ್ಲಿ ಅದನ್ನೇ ಎತ್ತಿ ಹಾಕಿದೆವು.

ವಕೀಲರನ್ನು ಅದೇ ದಿನ ನೋಡಿ. ದುಡ್ಡಿಲ್ಲ ಅಂದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಣ್ಣುಮಕ್ಕಳು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕಸ್ಟಡಿಯಲ್ಲಿರುವವರು, ಇವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100. ನಮ್ಮ ಕಡೆ ಸ್ಟೇಟ್ ಪ್ಲೇಯರ್‌ಗಳೂ ಇದಕ್ಕೆ ನಾಚಿಕೊಳ್ಳುತ್ತಾರೆ, ಸುಮ್ನೆ ನಾಚಿಕೆ.

ಇನ್ನು ಬಾಯಿ. ಮತ್ತು ಬೆರಳು. ಎರಡನೇ ದಿನ ರಾತ್ರಿ ನಮ್ಮ ಹುಡುಗ ವಾಟ್ಸ್‌ಆ್ಯಪ್ ಸ್ಟೇಟಸ್ ಹಾಕಿದ. ಸಿಂಹದ ಚಿತ್ರ, ಕೆಳಗೆ "ಟೈಮ್ ಬರ್ತದ, ಎಲ್ರಿಗೂ ಉತ್ತರ ಕೊಡ್ತೀನಿ" ಅಂತ. ಅವನ ಲೆಕ್ಕದಲ್ಲಿ ಅದು ಆಟದಲ್ಲಿ ಉತ್ತರ ಕೊಡುವ ಮಾತು. ಬೆಳಗ್ಗೆ ಹತ್ತಕ್ಕೆ ಅದರ ಸ್ಕ್ರೀನ್‌ಶಾಟ್ ದೂರುದಾರರ ಕಡೆಯವರ ಹತ್ತಿರ ಇತ್ತು, ಹನ್ನೊಂದಕ್ಕೆ ಠಾಣೆಯಲ್ಲಿತ್ತು, ಬೆದರಿಕೆ ಅಂತ. ಪಿಎಸ್‌ಐ ಸಾಹೇಬರು ಮೊಬೈಲ್ ತಿರುಗಿಸಿ ನನಗೆ ತೋರಿಸಿ, "ಏನ್ರಿ ಕೋಚ್ ಸಾಹೇಬ್ರ, ಇದಕ್ಕ ಏನಂತೀರಿ?" ಅಂದರು. ನಾನು ಏನು ಅನ್ನಲಿ? ಸಿಂಹ ನೋಡುತ್ತಾ ನಿಂತೆ. ಅವತ್ತಿನಿಂದ ಅವನ ಫೋನು ಅವರ ಅವ್ವನ ಹತ್ತಿರ.

ಹಳೆಯ ಮೆಸೇಜು, ವಿಡಿಯೊ ಡಿಲೀಟ್ ಮಾಡಬೇಡಿ. ಹೆದರಿಕೊಂಡು ಅಳಿಸಿದರೆ ಸಾಕ್ಷ್ಯ ನಾಶ ಅಂತ ಹೊಸ ತಲೆನೋವು. ಇರುವುದನ್ನು ಇದ್ದ ಹಾಗೇ ಇಟ್ಟು ವಕೀಲರಿಗೆ ತೋರಿಸಿ. ಆ ಹೊತ್ತಿನಲ್ಲಿ ಎಲ್ಲಿದ್ದಿರಿ, ಜೊತೆಗೆ ಯಾರಿದ್ದರು, ಯಾರ ಮೊಬೈಲಿನಲ್ಲಿ ವಿಡಿಯೊ ಇದೆ ಅನ್ನೋದನ್ನ ಮೂರು ದಿನದೊಳಗೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮೂರು ತಿಂಗಳ ಮೇಲೆ ನೆನಪು ಬೇರೆ ಕಥೆ ಹೇಳುತ್ತೆ. ಅಂಗಡಿಯ ಸಿಸಿಟಿವಿ ಇದ್ದರೆ ತಡ ಮಾಡದೆ ವಕೀಲರ ಮೂಲಕ ತನಿಖಾಧಿಕಾರಿಗೆ ಬರೆಸಿ. ಹಳೆ ರೆಕಾರ್ಡಿಂಗ್ ಮೇಲೆ ಹೊಸದು ಬಂದು ಕೂರುತ್ತೆ.

ದೂರುದಾರರ ಮನೆಗೆ ಹೋಗಬೇಡಿ. ಯಾರನ್ನೂ ಕಳಿಸಬೇಡಿ. ಕ್ಷಮೆ ಕೇಳೋಕೂ ಹೋಗಬೇಡಿ. ಲೈಂಗಿಕ ಅಪರಾಧದ ಆರೋಪ ಆಗಿದ್ದರೆ ದೂರು ಕೊಟ್ಟವರ ಹೆಸರು, ಊರು, ಫೋಟೊ ಎಲ್ಲೂ ಬಾಯಿ ಬಿಡಬಾರದು. ನಿಮ್ಮ ಅಭಿಮಾನಿಗಳು ಗುಂಪಿನಲ್ಲಿ ಹಾಕಿದರೂ ತೆಗೆಸಿ. ನ್ಯಾಯ ಸಂಹಿತೆಯ 72ನೇ ಕಲಮಿನ ಪ್ರಕಾರ ಅದಕ್ಕೆ ಎರಡು ವರ್ಷದ ತನಕ ಜೈಲು. ಗೆಳೆಯನ ಪರವಾಗಿ ಪೋಸ್ಟ್ ಹಾಕಿದ ಹುಡುಗನೂ ಒಳಗೆ ಹೋಗುತ್ತಾನೆ.

ರಾಜಿ ಪಂಚಾಯ್ತಿ ಬಗ್ಗೆ ಒಂದು ಮಾತು. ನಮ್ಮಲ್ಲಿ ಕೇಸಾದ ಮರುದಿನವೇ ಹಿರಿಯರು ಕಟ್ಟೆ ಮೇಲೆ ಕೂತು "ಐವತ್ತು ಸಾವಿರ ಕೊಟ್ಟು ಮುಗಸ್ರಿ" ಅನ್ನುತ್ತಾರೆ. ಅವರ ಮನಸ್ಸು ಒಳ್ಳೆಯದೇ. ಆದರೆ ದೊಂಬಿಯ ಕಲಮಿನಂಥವು ಊರಲ್ಲಿ ರಾಜಿ ಮಾಡಿಕೊಂಡ ಮಾತ್ರಕ್ಕೆ ಬಿದ್ದುಹೋಗಲ್ಲ. ದುಡ್ಡೂ ಹೋಗುತ್ತೆ, ಕೇಸೂ ಇರುತ್ತೆ, ಮೇಲಿಂದ "ತಪ್ಪು ಮಾಡಿದ್ದಕ್ಕೇ ದುಡ್ಡು ಕೊಟ್ಟ" ಅನ್ನೋ ಮಾತು. ರಾಜಿ ಆಗಲೇಬೇಕಿದ್ದರೆ ಎರಡೂ ಕಡೆ ವಕೀಲರ ಮೂಲಕ, ಕೋರ್ಟಿನ ಎದುರು.

ಠಾಣೆಯಿಂದ ಕರೆ ಬಂದರೆ

ಇಲ್ಲಿ ಚುರುಕಾಗಿ ಹೇಳಿಬಿಡುತ್ತೇನೆ, ಇದು ವಕೀಲರ ಕೆಲಸ. ಏಳು ವರ್ಷದ ತನಕ ಶಿಕ್ಷೆ ಇರುವ ಅಪರಾಧಗಳಲ್ಲಿ ಪೊಲೀಸರು ಸೀದಾ ಬಂಧಿಸಬೇಕಿಲ್ಲ, ಬಂಧನ ಯಾಕೆ ಬೇಕು ಅಂತ ಕಾರಣ ಬರೆಯಬೇಕು ಅಂತ 2014ರ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಬಂಧನ ಬೇಡ ಅಂದರೆ ಹಾಜರಾಗಿ ಅಂತ ನೋಟಿಸ್ ಕೊಡುತ್ತಾರೆ. ಈಗಿನ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 35(3). ನೋಟಿಸ್ ಬಂದರೆ ಹೋಗಿ, ತಪ್ಪಿಸಿಕೊಳ್ಳಬೇಡಿ. ಕ್ಯಾಂಪ್ ಇದೆ, ಮ್ಯಾಚ್ ಇದೆ ಅಂತ ಹೇಳೋದಿದ್ದರೆ ಬರವಣಿಗೆಯಲ್ಲಿ ಹೇಳಿ ಬೇರೆ ದಿನಾಂಕ ಕೇಳಿ, ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಬಂಧಿಸಿದರೆ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲೇಬೇಕು.

ನಿರೀಕ್ಷಣಾ ಜಾಮೀನು, ಅಂದರೆ ಬಂಧನಕ್ಕೆ ಮೊದಲೇ ಕೇಳುವ ಜಾಮೀನು, ಜಿಲ್ಲಾ ಸೆಷನ್ಸ್ ಕೋರ್ಟಿನಲ್ಲೇ ಕೇಳಬಹುದು. ಅಲ್ಲಿ ಆಗದಿದ್ದರೆ ಹೈಕೋರ್ಟು. ಅದಕ್ಕೆ ಬೆಂಗಳೂರಿನ ಬಸ್ ಹತ್ತಬೇಕಿಲ್ಲ. ಕಲಬುರಗಿಯಲ್ಲೇ ಪೀಠ ಇದೆ, 2008ರಲ್ಲಿ ಸಂಚಾರಿ ಪೀಠ ಆಗಿ ಶುರುವಾಗಿ 2013ರಲ್ಲಿ ಕಾಯಂ ಆಯಿತು. ಬೀದರ್, ಯಾದಗಿರಿಯವರಿಗೂ ಇದೇ. ಆದರೆ ಎಲ್ಲ ಕೇಸಿಗೂ ನಿರೀಕ್ಷಣಾ ಜಾಮೀನು ಇಲ್ಲ, ಜಾತಿ ದೌರ್ಜನ್ಯ ಕಾಯ್ದೆಯ ಕೇಸುಗಳಲ್ಲಿ ಸಾಮಾನ್ಯವಾಗಿ ಸಿಗಲ್ಲ.

ಜಾಮೀನು ಕೇಳುವಾಗಲೇ ಒಂದು ವಿಷಯ ವಕೀಲರ ಕಿವಿಗೆ ಹಾಕಿ. ಜಾಮೀನಿನಲ್ಲಿ "ಜಿಲ್ಲೆ ಬಿಟ್ಟು ಹೋಗಬಾರದು", "ಪ್ರತಿ ಭಾನುವಾರ ಠಾಣೆಗೆ ಸಹಿ ಹಾಕಬೇಕು" ಅಂತ ಷರತ್ತು ಬಂದರೆ ಆಟಗಾರನ ಕೈಕಾಲು ಕಟ್ಟಿದ ಹಾಗೆ. ಟೂರ್ನಿಗಳೆಲ್ಲ ಇರೋದು ಶನಿವಾರ ಭಾನುವಾರ, ಅದೂ ಹೊರಗಡೆ. ಕ್ಲಬ್ಬಿನ ಕರಾರು ಪತ್ರ, ಟೂರ್ನಿಯ ದಿನಾಂಕಗಳು, ಕ್ಯಾಂಪಿನ ಪತ್ರ ಇವನ್ನೆಲ್ಲ ಅರ್ಜಿಯ ಜೊತೆ ಲಗತ್ತಿಸಿ, ಸಹಿ ಬುಧವಾರಕ್ಕೆ ಇಡಿ, ಆಟಕ್ಕೆ ಹೊರಗೆ ಹೋಗಲು ಅನುಮತಿ ಕೊಡಿ ಅಂತ ಮೊದಲೇ ಕೇಳಿ. ನಮಗೆ ಇದು ಹೊಳೆಯಲಿಲ್ಲ. ಆಮೇಲೆ ಷರತ್ತು ಸಡಿಲ ಮಾಡಿಸಲು ಇನ್ನೊಂದು ಅರ್ಜಿ, ಇನ್ನೊಂದು ತಿಂಗಳು.

ನೀಲಿ ಫೈಲು

ಕ್ಲಬ್ಬಿಗೆ ಸುದ್ದಿ ನಿಮ್ಮಿಂದಲೇ ಮೊದಲು ಹೋಗಬೇಕು. ಪೋರ್ಟಲ್ ನೋಡಿ ಅವರು ಫೋನ್ ಮಾಡಿದರೆ ಅರ್ಧ ಸೋತ ಹಾಗೇ. ವಕೀಲರಿಗೆ ತೋರಿಸಿ ಒಂದು ಪುಟದ ಪತ್ರ ಬರೆಯಿರಿ. ಇಂಥ ದಿನ ಇಂಥ ಕ್ರೈಂ ನಂಬರಿನ ಕೇಸಿನಲ್ಲಿ ನನ್ನ ಹೆಸರಿದೆ, ಆರೋಪ ಒಪ್ಪುವುದಿಲ್ಲ, ತನಿಖೆಗೆ ಸಹಕರಿಸುತ್ತಿದ್ದೇನೆ, ಅಭ್ಯಾಸಕ್ಕೂ ಆಟಕ್ಕೂ ಹಾಜರಾಗಲು ಸಿದ್ಧನಿದ್ದೇನೆ. ಇಷ್ಟೇ. ಜಗಳದ ಕಥೆ, ಎದುರು ಪಾರ್ಟಿಯವರ ಬೈಗುಳ ಬೇಡ. ಆ ಪತ್ರವೇ ನಾಳೆ ಕೋರ್ಟಿನಲ್ಲಿ ನಿಮ್ಮ ವಿರುದ್ಧ ಬರಬಹುದು.

"ಹಾಜರಾಗಲು ಸಿದ್ಧನಿದ್ದೇನೆ" ಅನ್ನೋ ಸಾಲನ್ನು ಬಿಡಲೇಬೇಡಿ. ಇದರ ಬೆಲೆ ಗೊತ್ತಾಗಬೇಕಾದರೆ ಫುಟ್‌ಬಾಲ್ ಆಟಗಾರ ಬೆಂಜಮಿನ್ ಮೆಂಡಿ ಕಥೆ ನೋಡಿ. ಗಂಭೀರ ಆರೋಪಗಳ ಮೇಲೆ 2021ರಲ್ಲಿ ಬಂಧನ ಆಯಿತು, ಮ್ಯಾಂಚೆಸ್ಟರ್ ಸಿಟಿ ಸಂಬಳ ನಿಲ್ಲಿಸಿತು. 2023ರಲ್ಲಿ ಎಲ್ಲ ಆರೋಪಗಳಿಂದ ಖುಲಾಸೆ. ಆಮೇಲೆ ಸಂಬಳಕ್ಕಾಗಿ ಅಲ್ಲಿನ ಉದ್ಯೋಗ ನ್ಯಾಯಮಂಡಳಿಗೆ ಹೋದ. 2024ರ ನವೆಂಬರ್‌ನಲ್ಲಿ ಬಂದ ತೀರ್ಪಿನಲ್ಲಿ ಅವನು ಹೊರಗಿದ್ದ ಕಾಲದ ಸಂಬಳ ಕೊಡಬೇಕು ಅಂತಾಯಿತು, ಯಾಕೆಂದರೆ ಅವನು ಕೆಲಸಕ್ಕೆ ಸಿದ್ಧನಿದ್ದ. ಜಾಮೀನಿನ ಷರತ್ತು ಮುರಿದು ಜೈಲಿನಲ್ಲಿದ್ದ ತಿಂಗಳುಗಳ ಸಂಬಳ ಮಾತ್ರ ಸಿಗಲಿಲ್ಲ. ಇಂಗ್ಲೆಂಡಿನ ಕಾನೂನು ನಮ್ಮ ಕ್ಲಬ್ಬಿಗೆ ಬರಲ್ಲ, ಸರಿ. ಆದರೆ ನಮ್ಮಲ್ಲೂ ಕರಾರಿನ ಜಗಳ ಬಂದರೆ ಮೊದಲ ಪ್ರಶ್ನೆ ಇದೇ: ನೀನು ಬರಲಿಲ್ವೋ, ಅವರು ಬರಬೇಡ ಅಂದರೋ? ನಮ್ಮ ಹುಡುಗನಿಗೆ ಫೋನಿನಲ್ಲಿ ಬರಬೇಡ ಅಂದಿದ್ದರು. ನಾವು ಅದೇ ಸಂಜೆ ಇಮೇಲ್ ಹಾಕಿದೆವು, "ನೀವು ಇವತ್ತು ಫೋನಿನಲ್ಲಿ ಬರಬೇಡ ಅಂದಿರಿ, ನಾನು ಬರಲು ಸಿದ್ಧ, ಮುಂದಿನ ಸೂಚನೆಗೆ ಕಾಯುತ್ತೇನೆ" ಅಂತ. ಉತ್ತರ ಬರಲಿಲ್ಲ. ಬರಬೇಕು ಅಂತಲೂ ಇರಲಿಲ್ಲ.

ಕರಾರು ಪತ್ರ ಒಮ್ಮೆ ಪೂರ್ತಿ ಓದಿ. ಅದರಲ್ಲಿ ನಡತೆ ಬಗ್ಗೆ, ಸಂಸ್ಥೆಯ ಹೆಸರಿಗೆ ಧಕ್ಕೆ ತರುವುದರ ಬಗ್ಗೆ ಒಂದು ಕಲಮು ಇರುತ್ತೆ. ಅದು ಶಿಕ್ಷೆಯಾದರೆ ಅಂತಿದೆಯೋ, ಕೇಸಾದರೆ ಅಂತಿದೆಯೋ, ಬರೀ ಆರೋಪ ಬಂದರೆ ಅಂತಿದೆಯೋ, ಇದೇ ಇಡೀ ವ್ಯತ್ಯಾಸ. ಅಮಾನತು ಮಾಡಿದರೆ ಎಷ್ಟು ದಿನ, ಸಂಬಳ ಉಂಟೋ ಇಲ್ವೋ, ಮೇಲ್ಮನವಿ ಯಾರಿಗೆ? ಇದೆಲ್ಲ ಬರವಣಿಗೆಯಲ್ಲಿ ಕೇಳಿ. ಅಮಾನತಿಗೆ ಕೊನೆ ದಿನ ಬರೆಸಿಕೊಳ್ಳಿ, ಇಲ್ಲ ಅಂದರೆ ತಿಂಗಳಿಗೊಮ್ಮೆ ಮರುಪರಿಶೀಲನೆ ಅಂತಾದರೂ. ಕೊನೆ ಇಲ್ಲದ ಅಮಾನತು ಅಂದರೆ ನಿಷೇಧವೇ, ಹೆಸರು ಬೇರೆ ಅಷ್ಟೇ.

ಸಂಸ್ಥೆ ಕೇಳುತ್ತಿರುವ ಪ್ರಶ್ನೆ ಯಾವುದು ಅಂತಲೂ ನೋಡಿ. ಪೊಲೀಸರ ಪ್ರಶ್ನೆಯೇ ಆಗಿರಬೇಕು ಅಂತಿಲ್ಲ. 2018ರ ಮಾರ್ಚ್‌ನಲ್ಲಿ ಮೊಹಮ್ಮದ್ ಶಮಿ ಮೇಲೆ ಹೆಂಡತಿ ದೂರು ಕೊಟ್ಟಾಗ ಬಿಸಿಸಿಐ ಅವರ ವಾರ್ಷಿಕ ಕರಾರನ್ನು ತಡೆಹಿಡಿದಿತ್ತು. ಆದರೆ ಬೋರ್ಡಿನ ಭ್ರಷ್ಟಾಚಾರ ತಡೆ ಘಟಕ ನೋಡಿದ್ದು ಫಿಕ್ಸಿಂಗ್ ದುಡ್ಡಿನ ಆರೋಪ ಒಂದನ್ನೇ. ಅದರಲ್ಲಿ ಏನೂ ಇಲ್ಲ ಅಂತಾದ ಮೇಲೆ ಅದೇ ತಿಂಗಳು ಕರಾರು ಸಿಕ್ಕಿತು. ಮನೆಯ ಕೇಸು ಕೋರ್ಟಿನಲ್ಲಿ ಅದರ ಪಾಡಿಗೆ ನಡೆಯಿತು. ಐದು ವರ್ಷದ ಮೇಲೆ 2023ರ ವಿಶ್ವಕಪ್‌ನಲ್ಲಿ ಅವರು ತೆಗೆದದ್ದು 24 ವಿಕೆಟ್. ಸಂಸ್ಥೆಯ ಪ್ರಶ್ನೆ ಚಿಕ್ಕದಿದ್ದಾಗ ಅದನ್ನು ಬೇಗ ಉತ್ತರಿಸಿ ಮುಗಿಸಬಹುದು. ಕೋರ್ಟು ಮುಗಿಯಲಿ ಅಂತ ಕಾಯಬೇಕಿಲ್ಲ.

ಇನ್ನೊಂದು, ಆಡದೆ ಕಳೆದ ದಿನಗಳ ಲೆಕ್ಕ ಇಡಿ. ಇಂಗ್ಲೆಂಡಿನ ಕ್ರಿಕೆಟಿಗ ಬೆನ್ ಸ್ಟೋಕ್ಸ್ 2017ರಲ್ಲಿ ಬ್ರಿಸ್ಟಲ್ ಊರಲ್ಲಿ ಆದ ಜಗಳದ ನಂತರ ಆಶಸ್ ಸರಣಿ ಪೂರ್ತಿ ತಪ್ಪಿಸಿಕೊಂಡ. 2018ರ ಆಗಸ್ಟ್‌ನಲ್ಲಿ ಕೋರ್ಟು ಖುಲಾಸೆ ಮಾಡಿತು. ಆದರೂ ಡಿಸೆಂಬರ್‌ನಲ್ಲಿ ಕ್ರಿಕೆಟ್ ಶಿಸ್ತು ಸಮಿತಿ ಎಂಟು ಪಂದ್ಯ ನಿಷೇಧ, ದಂಡ ಎರಡೂ ಹಾಕಿತು. ಆಗಲೇ ತಪ್ಪಿಸಿಕೊಂಡಿದ್ದ ಪಂದ್ಯಗಳನ್ನೇ ಲೆಕ್ಕಕ್ಕೆ ಹಿಡಿದಿದ್ದರಿಂದ ಒಂದು ಪಂದ್ಯವನ್ನೂ ಹೊಸದಾಗಿ ಕೂರಬೇಕಾಗಲಿಲ್ಲ. ಮುಂದಿನ ವರ್ಷ ವಿಶ್ವಕಪ್ ಫೈನಲ್‌ನಲ್ಲಿ ಇಂಗ್ಲೆಂಡನ್ನು ಗೆಲ್ಲಿಸಿದ್ದು ಅವನೇ, ಎಲ್ಲರಿಗೂ ಗೊತ್ತಲ್ವಾ. ಸಂಸ್ಥೆ ಶಿಕ್ಷೆ ಹಾಕುವ ಹಾಗೆ ಕಂಡರೆ "ಕೂತ ದಿನಗಳನ್ನು ಇದರಲ್ಲಿ ಹಿಡಿಯಿರಿ" ಅಂತ ಬಾಯಿಬಿಟ್ಟು ಕೇಳಿ.

ಸರ್ಕಾರಿ ಕೆಲಸದಲ್ಲಿರುವ ಆಟಗಾರರಿಗೆ ಒಂದು ಎಚ್ಚರಿಕೆ. ರೈಲ್ವೆ ಇರಲಿ, ರಾಜ್ಯದ ಇಲಾಖೆ ಇರಲಿ, 48 ಗಂಟೆಗಿಂತ ಜಾಸ್ತಿ ಕಸ್ಟಡಿಯಲ್ಲಿದ್ದರೆ ಅಮಾನತಾದ ಹಾಗೇ ಲೆಕ್ಕ. ಆದೇಶ ಆಮೇಲೆ ಬರುತ್ತೆ. ಬಂಧನದ ವಿಷಯ ಮುಚ್ಚಿಡೋದು ಇನ್ನೊಂದು ತಪ್ಪಾಗುತ್ತೆ. ಅಮಾನತಿನಲ್ಲಿ ಜೀವನಾಧಾರ ಭತ್ಯೆ ಬರುತ್ತೆ, ಅದು ಯಾರ ಕೃಪೆಯೂ ಅಲ್ಲ, ಕೇಳಿ ತೆಗೆದುಕೊಳ್ಳಿ.

ಪಾಸ್‌ಪೋರ್ಟು

ಕೇಸು ಬಾಕಿ ಇದ್ದರೆ ಪಾಸ್‌ಪೋರ್ಟ್ ನಿರಾಕರಿಸಬಹುದು ಅಂತ 1967ರ ಪಾಸ್‌ಪೋರ್ಟ್ ಕಾಯ್ದೆಯಲ್ಲಿದೆ. ಆದರೆ ದಾರಿ ಇದೆ. 1993ರ ಅಧಿಸೂಚನೆಯ ಪ್ರಕಾರ, ಕೇಸು ನಡೆಯುತ್ತಿರುವ ಕೋರ್ಟಿನಿಂದ ವಿದೇಶಕ್ಕೆ ಹೋಗಲು ಅನುಮತಿ ತಂದರೆ ಕೊಡುತ್ತಾರೆ. ಆದೇಶದಲ್ಲಿ ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ ಒಂದು ವರ್ಷದ ಪಾಸ್‌ಪೋರ್ಟ್ ಮಾತ್ರ. ಆದ್ದರಿಂದ ಅವಧಿ ಬರೆಸಿಕೊಳ್ಳಿ. ವೀಸಾ ಮಾತ್ರ ಯಾರ ಕೈಯಲ್ಲೂ ಇಲ್ಲ. ನೇಪಾಳದ ಕ್ರಿಕೆಟಿಗ ಸಂದೀಪ್ ಲಾಮಿಛಾನೆಯನ್ನು ಅಲ್ಲಿನ ಹೈಕೋರ್ಟು 2024ರ ಮೇ ತಿಂಗಳಲ್ಲಿ ಖುಲಾಸೆ ಮಾಡಿತು, ಆದರೂ ಮುಂದಿನ ತಿಂಗಳ ಟಿ20 ವಿಶ್ವಕಪ್‌ಗೆ ಅಮೆರಿಕ ವೀಸಾ ಕೊಡಲಿಲ್ಲ. ವೆಸ್ಟ್ ಇಂಡೀಸ್‌ನಲ್ಲಿದ್ದ ಪಂದ್ಯಗಳಿಗೆ ಮಾತ್ರ ಹೋಗಿ ಸೇರಿಕೊಂಡ. ವೀಸಾ ಫಾರ್ಮಿನಲ್ಲಿ ಕೇಸಿನ ಬಗ್ಗೆ ಕೇಳಿದ್ದರೆ ನಿಜ ಬರೆಯಿರಿ.

ಪೇಪರು, ಪೋರ್ಟಲ್ಲು, ಚಹಾ ಅಂಗಡಿ

ಹೆಸರು ಕೆಡೋದು ಎರಡು ಕಡೆ. ಒಂದು ಗೂಗಲ್‌ನಲ್ಲಿ, ಇನ್ನೊಂದು ಊರಲ್ಲಿ.

ಪೋರ್ಟಲ್ ವಿಷಯಕ್ಕೆ ಬಂದರೆ, ನಮ್ಮ ಹುಡುಗನ ಸುದ್ದಿಗೆ ಹಾಕಿದ್ದ ತಲೆಬರಹ "ಜಾತ್ರೆಯಲ್ಲಿ ಕಬಡ್ಡಿ ಪಟುವಿನ ಗೂಂಡಾಗಿರಿ". ಕೇಸಾಗಿದೆ ಅಂತ ಬರೆಯೋದು ಸುದ್ದಿ, ಗೂಂಡಾಗಿರಿ ಮಾಡಿದ ಅಂತ ಬರೆಯೋದು ತೀರ್ಪು. ಈ ವ್ಯತ್ಯಾಸದ ಮೇಲೇ ಕೆಲಸ ಮಾಡಬೇಕು. ಮೊದಲು ಆ ಪುಟದ ಸ್ಕ್ರೀನ್‌ಶಾಟ್, ದಿನಾಂಕ, ಕೊಂಡಿ ತೆಗೆದಿಡಿ. ಆಮೇಲೆ ಸಂಪಾದಕರಿಗೆ ಶಾಂತವಾಗಿ ಪತ್ರ: ಎಫ್‌ಐಆರ್‌ನಲ್ಲಿ ನನ್ನ ಬಗ್ಗೆ ಇರುವುದು ಇಷ್ಟು, ನಿಮ್ಮ ತಲೆಬರಹ ಹೇಳುವುದು ಬೇರೆ, ತಿದ್ದಿ. 2021ರ ಐಟಿ ನಿಯಮಗಳ ಪ್ರಕಾರ ಆನ್‌ಲೈನ್ ಸುದ್ದಿ ಸಂಸ್ಥೆಗಳಿಗೆ ಕುಂದುಕೊರತೆ ಅಧಿಕಾರಿ ಇರಬೇಕು, 15 ದಿನದಲ್ಲಿ ದೂರಿಗೆ ತೀರ್ಮಾನ ಹೇಳಬೇಕು. ಮುದ್ರಿತ ಪತ್ರಿಕೆಯಾದರೆ ಸಂಪಾದಕರಿಗೆ ಬರೆದ ಮೇಲೆ ಪ್ರೆಸ್ ಕೌನ್ಸಿಲ್‌ಗೆ ಹೋಗಬಹುದು.

ಮಾನನಷ್ಟ ಹಾಕ್ತೀನಿ ಅಂತ ಮೊದಲ ವಾರದಲ್ಲೇ ಕೂಗಾಡಬೇಡಿ. ಕೇಸು ನಡೆಯುತ್ತಿರುವಾಗ ಅದು ಇನ್ನೊಂದು ಸುದ್ದಿ ಆಗುತ್ತೆ, "ಮಾಧ್ಯಮಕ್ಕೆ ಬೆದರಿಕೆ" ಅಂತ. ಆದರೆ ಸುಮ್ಮನೆ ಕೂತು ಮರೆಯಲೂಬೇಡಿ. ಪರಿಹಾರ ಕೇಳುವ ಸಿವಿಲ್ ದಾವೆಗೆ ಪ್ರಕಟವಾದ ದಿನದಿಂದ ಒಂದು ವರ್ಷ ಮಾತ್ರ ಗಡುವು. ಕೇಸು ಗೆದ್ದ ಮೇಲೆ ನೋಡೋಣ ಅಂತ ಕೂತರೆ ಗಡುವು ದಾಟಿರುತ್ತೆ. ಇದನ್ನು ಯಾರೂ ಹೇಳಿರಲಿಲ್ಲ, ಹನ್ನೊಂದನೇ ತಿಂಗಳಲ್ಲಿ ಗೊತ್ತಾಯಿತು.

ಊರಿನ ಮಾತೇ ಬೇರೆ. ಗಂಜ್‌ನಲ್ಲಿ ಅವರಪ್ಪ ತೊಗರಿ ಮಾರಲು ಹೋದಾಗ ಅಡತಿ ಅಂಗಡಿಯಲ್ಲಿ ಒಬ್ಬರು "ನಿಮ್ಮ ಹುಡುಗ ಒಳಗಿದ್ದಾನೇನ್ರಿ?" ಅಂದರಂತೆ. ಹುಡುಗ ಒಂದು ದಿನವೂ ಒಳಗಿರಲಿಲ್ಲ. ಬೆಳಗಿನ ಅಭ್ಯಾಸಕ್ಕೆ ಬರುತ್ತಿದ್ದ ಚಿಕ್ಕ ಮಕ್ಕಳಲ್ಲಿ ಇಬ್ಬರನ್ನು ಮನೆಯವರು ಬಿಡಿಸಿದರು. ನಾನು ಮೊದಲು ಸಿಟ್ಟು ಮಾಡಿಕೊಂಡೆ. ಆಮೇಲೆ ಯೋಚಿಸಿದರೆ ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆನೇನೋ. ಮನೆ ಮನೆಗೆ ಹೋಗಿ ಸಮಜಾಯಿಷಿ ಕೊಡಬೇಡಿ. ಎಲ್ಲರಿಗೂ ಒಂದೇ ವಾಕ್ಯ ಸಾಕು: "ಕೇಸು ಕೋರ್ಟಿನ್ಯಾಗ ಐತ್ರಿ, ಅಲ್ಲೇ ತೀರ್ಮಾನ ಆಗ್ತದ." ಮನೆಯವರೆಲ್ಲ ಇದನ್ನೇ ಹೇಳಬೇಕು. ಅಣ್ಣ ಒಂದು ಹೇಳಿ ಕಾಕಾ ಇನ್ನೊಂದು ಹೇಳಿದರೆ ಅದೇ ಮೂರನೇ ಕಥೆ ಆಗುತ್ತೆ.

ಅಥ್ಲೀಟ್ ಪಿಂಕಿ ಪ್ರಾಮಾಣಿಕ್‌ಗೆ ಆದದ್ದು ನೆನೆಸಿಕೊಂಡರೆ ಇಂದಿಗೂ ಹೊಟ್ಟೆ ತೊಳಸುತ್ತೆ. 2006ರ ಏಷ್ಯನ್ ಗೇಮ್ಸ್ ರಿಲೇ ಚಿನ್ನ ಗೆದ್ದ ಹೆಣ್ಣುಮಗಳು. 2012ರಲ್ಲಿ ಒಂದು ದೂರಿನ ಮೇಲೆ ಬಂಧಿಸಿ, ನೀನು ಹೆಣ್ಣೇ ಅಲ್ಲ ಅಂತ ದೇಶಕ್ಕೆಲ್ಲ ಕಾಣುವ ಹಾಗೆ ಅವಮಾನ ಮಾಡಿದರು. ಜೈಲಿನಲ್ಲಿ ಮೂರು ವಾರಕ್ಕೂ ಜಾಸ್ತಿ ಇದ್ದಳು. 2014ರಲ್ಲಿ ಕಲ್ಕತ್ತಾ ಹೈಕೋರ್ಟು ಆರೋಪಗಳಿಂದ ಮುಕ್ತ ಮಾಡಿತು. ಅವಳ ಹೆಸರು ಹೇಳಿದರೆ ಜನಕ್ಕೆ ಇವತ್ತು ನೆನಪಾಗೋದು ಚಿನ್ನವಾ, ಆ ಬಂಧನವಾ? ನೀವೇ ಹೇಳಿ.

ಮೈ ಬಿಡಬೇಡಿ

ಕೇಸಿನ ಕಾಲದಲ್ಲಿ ಆಟಗಾರ ಮೊದಲು ಬಿಡೋದು ಅಭ್ಯಾಸ. ಜನ ನೋಡುತ್ತಾರೆ ಅಂತ ಬೆಳಗ್ಗೆ ಬರಲ್ಲ, ರಾತ್ರಿ ನಿದ್ದೆ ಇಲ್ಲ, ಊಟ ಸೇರಲ್ಲ. ಮೂರು ತಿಂಗಳಲ್ಲಿ ನಮ್ಮ ಹುಡುಗ ಆರು ಕೆಜಿ ಇಳಿದಿದ್ದ. ಕೇಸು ಬಿದ್ದುಹೋಗಿ ಕ್ಲಬ್ಬು ಬಾ ಅಂದ ದಿನ ಮೂವತ್ತು ಸೆಕೆಂಡಿನ ರೇಡಿಗೆ ಉಸಿರು ಸಾಲದಿದ್ದರೆ ಏನು ಬಂತು? ಅದಕ್ಕೆ ಗಂಟೆ ಬದಲಾಯಿಸಿದೆವು. ಏಪ್ರಿಲ್ ಮೇ ತಿಂಗಳಲ್ಲಿ ಕಲಬುರಗಿಯಲ್ಲಿ 43 ಡಿಗ್ರಿ, ಹಗಲು ಹೇಗೂ ಆಗಲ್ಲ. ಬೆಳಗಿನ ನಾಲ್ಕೂವರೆಗೆ, ಯಾರೂ ಬರುವ ಮೊದಲು, ನಾನು ಮತ್ತು ಅವನು ಇಬ್ಬರೇ. ಪ್ರತಿ ದಿನದ ಅಭ್ಯಾಸ, ತೂಕ, ಓಟದ ಸಮಯ ಬರೆದು ನಾನು ಸಹಿ ಹಾಕುತ್ತಿದ್ದೆ. ಅದೂ ನೀಲಿ ಫೈಲಿಗೆ. ಸಿದ್ಧನಿದ್ದೇನೆ ಅಂತ ಬರೆದದ್ದಕ್ಕೆ ಸಾಕ್ಷಿ ಬೇಕಲ್ಲ. ಮನಸ್ಸು ತೀರಾ ಕುಗ್ಗಿದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಹೆಸರು ಬಿಟ್ಟ ಮೇಲೆ

ಚಾರ್ಜ್‌ಶೀಟ್ ಬಂದಾಗ ಹನ್ನೊಂದರಲ್ಲಿ ಮೂರು ಹೆಸರು ಕೈಬಿಟ್ಟಿದ್ದರು. ಅದರಲ್ಲಿ ನಮ್ಮವನೂ ಒಬ್ಬ. ವಿಡಿಯೊದಲ್ಲಿ ಅವನು ಎರಡೂ ಕೈ ಚಾಚಿ ಇಬ್ಬರನ್ನು ಹಿಂದಕ್ಕೆ ತಳ್ಳುತ್ತಿರೋದು ಕಾಣುತ್ತಿತ್ತು. ನಾವು ಪೇಢಾ ಹಂಚಿದೆವು. ಪೇಢಾ ಹಂಚಿದ್ದೇ, ಯಾರಿಗೂ ಕಾಗದ ಕಳಿಸಲಿಲ್ಲ. ಎರಡು ತಿಂಗಳು ಹಾಗೇ ಹೋಯಿತು, ಕ್ಲಬ್ಬಿಗೆ ಗೊತ್ತೇ ಇಲ್ಲ!

ಹಾಗೆ ಮಾಡಬೇಡಿ. ಬಿ ರಿಪೋರ್ಟ್ (ಕೇಸು ಮುಚ್ಚಬಹುದು ಅಂತ ಪೊಲೀಸರು ಕೊಡುವ ವರದಿ) ಆಗಿರಲಿ, ಹೆಸರು ಕೈಬಿಟ್ಟ ಚಾರ್ಜ್‌ಶೀಟ್ ಆಗಿರಲಿ, ಹೈಕೋರ್ಟು ರದ್ದು ಮಾಡಿದ್ದಾಗಿರಲಿ, ಖುಲಾಸೆ ತೀರ್ಪಾಗಿರಲಿ, ಕೋರ್ಟಿನಿಂದ ದೃಢೀಕೃತ ಪ್ರತಿ ತೆಗೆಯಿರಿ. ಬರೀ ಬಿ ರಿಪೋರ್ಟ್ ಸಾಲದು, ಅದನ್ನು ಕೋರ್ಟು ಒಪ್ಪಿಕೊಂಡ ಆದೇಶ ಬೇಕು, ದೂರುದಾರರು ಅದನ್ನು ಪ್ರಶ್ನಿಸಬಹುದು. ಹತ್ತು ಝೆರಾಕ್ಸ್ ಮಾಡಿಸಿ. ಮೊದಲ ಸುದ್ದಿ ಎಲ್ಲೆಲ್ಲಿ ಹೋಗಿತ್ತೋ ಅಲ್ಲೆಲ್ಲ ಇದೂ ಹೋಗಲಿ: ಕ್ಲಬ್ಬು, ಜಿಲ್ಲಾ ಮತ್ತು ರಾಜ್ಯ ಸಂಸ್ಥೆ, ಕಾಲೇಜು, ಜಾಹೀರಾತು ಕೊಟ್ಟವರು, ಸುದ್ದಿ ಹಾಕಿದ ಪೋರ್ಟಲ್. ಪೋರ್ಟಲ್‌ಗೆ ಸುದ್ದಿ ತೆಗೆಯಿರಿ ಅಂತ ಕೇಳುವುದಕ್ಕಿಂತ, ಅದೇ ಸುದ್ದಿಯ ಮೇಲೆ ಹೊಸ ಮಾಹಿತಿ ಸೇರಿಸಿ ಅಂತ ಕೇಳಿದರೆ ಒಪ್ಪುವ ಸಾಧ್ಯತೆ ಜಾಸ್ತಿ. ನಮ್ಮವರು ಒಪ್ಪಿದರು. ತಲೆಬರಹ ಮಾತ್ರ ಹಾಗೇ ಬಿಟ್ಟರು.

ಕೊನೆಯದು ಉದ್ಯೋಗದ ಫಾರ್ಮು. ಕ್ರೀಡಾ ಕೋಟಾದಲ್ಲಿ ಆಯ್ಕೆಯಾದ ಮೇಲೆ ದೃಢೀಕರಣ ನಮೂನೆ ಕೊಡುತ್ತಾರೆ. ಯಾವತ್ತಾದರೂ ಬಂಧನವಾಗಿದೆಯಾ, ಮೊಕದ್ದಮೆ ಆಗಿದೆಯಾ ಅಂತ ಕಾಲಂ ಇರುತ್ತೆ. ಖುಲಾಸೆ ಆಗಿದೆಯಲ್ಲ ಅಂತ "ಇಲ್ಲ" ಬರೆಯಬೇಡಿ. ಪ್ರಶ್ನೆ ಏನಿದೆಯೋ ಅದಕ್ಕೆ ಸರಿಯಾಗಿ ನಿಜ ಬರೆಯಿರಿ, ದೃಢೀಕೃತ ಪ್ರತಿ ಲಗತ್ತಿಸಿ. 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನೆಲ್ಲ ಬಿಡಿಸಿ ಹೇಳಿದೆ. ಚಿಕ್ಕ ಕೇಸನ್ನು ಇಲಾಖೆ ಮನ್ನಿಸಬಹುದು, ಆದರೆ ಮುಚ್ಚಿಟ್ಟದ್ದು ಗೊತ್ತಾದರೆ ಕೆಲಸವೇ ಹೋಗಬಹುದು.

ಮೊದಲ ವರ್ಷದ ರೈಲ್ವೆ ಟ್ರಯಲ್ಸ್ ಅವನಿಗೆ ತಪ್ಪಿಹೋಯಿತು. ಎರಡನೇ ವರ್ಷ ನಾವಿಬ್ಬರೂ ಬೆಳಗಿನ ಗಾಡಿಗೆ ಸೊಲ್ಲಾಪುರಕ್ಕೆ ಹೋದೆವು. ಬ್ಯಾಗಿನಲ್ಲಿ ಶೂ, ಮೊಣಕಾಲು ಪಟ್ಟಿ, ಅವರವ್ವ ಕಟ್ಟಿಕೊಟ್ಟ ಕಟಕ ರೊಟ್ಟಿ, ಶೇಂಗಾ ಹಿಂಡಿ. ಎಲ್ಲದರ ಕೆಳಗೆ ನೀಲಿ ಫೈಲು. ಗಾಣಗಾಪುರ ರೋಡ್ ದಾಟಿದ ಮೇಲೆ ಅವನು ಫೈಲು ತೆಗೆದು ಮತ್ತೊಮ್ಮೆ ಕಾಗದ ಎಣಿಸಿದ. "ಹನ್ನೆರಡು ಅದಾವ್ರಿ ಸರ್" ಅಂದ. "ಹದಿಮೂರು ಇರಬೇಕಲ್ಲೋ" ಅಂದೆ. ಒಂದು ಕಾಗದ ರೊಟ್ಟಿ ಗಂಟಿಗೆ ಅಂಟಿಕೊಂಡಿತ್ತು.